ಒತ್ತಿದ ಗುಂಡಿಯ ಮೌನ

ಗಣಕಯಂತ್ರದ ತಂತ್ರಾಂಶಗಳಲ್ಲಿ ಒಮ್ಮೆ ಕ್ಲಿಕ್ ಮಾಡಿದ ಗುಂಡಿಯು ಕೆಲಸ ಮುಗಿಯುವವರೆಗೆ ಮಸುಕಾಗಿ, ಎರಡನೆಯ ಒತ್ತನ್ನು ಸ್ವೀಕರಿಸದಿರುವ ಏರ್ಪಾಡನ್ನು ತಾತ್ಕಾಲಿಕ ನಿಷ್ಕ್ರಿಯತೆ ಎನ್ನುತ್ತಾರೆ. ಇದೇ ತತ್ತ್ವವನ್ನು ರೋಣ, ನರಗುಂದ, ಗಜೇಂದ್ರಗಡಗಳ ಮತದಾರರು ವಿದ್ಯುನ್ಮಾನ ಮತಯಂತ್ರದಲ್ಲಿ ಬೆರಳ ತುದಿಯಿಂದಲೇ ಅರಿತರು. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಯಾಗಿ, ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತು, 1988ರ ತಿದ್ದುಪಡಿಯಿಂದ ಮರಳಿ ಮಾನ್ಯತೆ ಪಡೆದ ಈ ಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದಾಗಿದ್ದು, 2004ರಲ್ಲಿ ಲೋಕಸಭೆಯ ಎಲ್ಲ 543 ಕ್ಷೇತ್ರಗಳಿಗೂ ಯಂತ್ರವು ತಲುಪಿತು. ಮತಗಟ್ಟೆಯ ಅಧಿಕಾರಿಯು ನಿಯಂತ್ರಣ ಘಟಕದ, ಎಂದರೆ ತನ್ನ ಮುಂದಿರುವ ಪೆಟ್ಟಿಗೆಯ, ‘ಬ್ಯಾಲಟ್’ ಗುಂಡಿ ಒತ್ತಿದಾಗ ಮಾತ್ರ ಮತದಾರನ ಗುಂಡಿಗಳು ಜೀವ ತಳೆದು, ಒಂದನ್ನು ಒತ್ತಿದೊಡನೆ ಕೆಂಪು ದೀಪ ಬೆಳಗಿ, ಬೀಪ್ ಸದ್ದು ಮೊಳಗಿ, ಅವೆಲ್ಲವೂ ಮತ್ತೆ ಮೌನವಾಗುತ್ತವೆ. ಯಂತ್ರದ ಹಿರಿಮೆ ಇರುವುದು ಈ ಮೌನದಲ್ಲಿಯೇ. ಸಂದೇಹದಿಂದ ಹತ್ತು ಸಲ ಒತ್ತಿದರೂ ದಾಖಲಾಗುವುದು ಒಂದೇ ಮತ.