ಉಡುಪಿ ಜಿಲ್ಲೆಯಲ್ಲಿ ಪದವಿಪೂರ್ವ ಕನ್ನಡ ಕಲಿಕೆ

ಪದವಿಪೂರ್ವ ಶಿಕ್ಷಣವು (ಪಿಯುಸಿ) ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿಗೂ ಪದವಿಗೂ ನಡುವಿನ ಎರಡು ವರ್ಷಗಳ ಹಂತ. ಇದರಲ್ಲಿ ಎರಡು ಭಾಷೆಗಳು ಹಾಗೂ ನಾಲ್ಕು ಐಚ್ಛಿಕ ವಿಷಯಗಳಿರುತ್ತವೆ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಪರಿಸರದಲ್ಲಿ ಕನ್ನಡ ಓದುವ ಅನೇಕರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಇವರಿಗೆ ಕನ್ನಡವು ಬಹುಮಟ್ಟಿಗೆ ಶಾಲೆಯಲ್ಲಿ ಕಲಿತ ಭಾಷೆಯಾದುದರಿಂದ ಇಲ್ಲಿನ ಆಡುಗನ್ನಡವು ಗ್ರಾಂಥಿಕ ರೂಪಕ್ಕೆ ಹತ್ತಿರವಾಗಿದೆ. ಒಳನಾಡಿನ ‘ಬರಲ್ಲ’ ಇಲ್ಲಿ ‘ಬರುವುದಿಲ್ಲ’. ಬರವಣಿಗೆಗೆ ಇದು ಅನುಕೂಲವೇ ಸರಿ. ತೊಡಕು ಎದುರಾಗುವುದು ಹಳಗನ್ನಡದಲ್ಲಿ. ದ್ವಿತೀಯ ಪಿಯುಸಿಯ ‘ಸಾಹಿತ್ಯ ಸಂಪದ’ದಲ್ಲಿರುವ ನಾಗಚಂದ್ರನ ಕಾವ್ಯಭಾಗವು, ಸಂಧಿ ಬಿಡಿಸಿ ಕರ್ತೃ, ಕ್ರಿಯಾಪದಗಳ ಅನ್ವಯವನ್ನು ಗುರುತಿಸದ ಹೊರತು ಅರ್ಥವಾಗದು. ವ್ಯಾಕರಣವು ಇಲ್ಲಿ ಓದಿನ ಸಾಧನ. ಯಕ್ಷಗಾನ, ತಾಳಮದ್ದಳೆಗಳನ್ನು ಕೇಳಿ ಬೆಳೆದವರಿಗೆ ಇಂತಹ ಪುರಾಣಕಥೆಗಳಾದರೂ ಪರಿಚಿತ. ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ಗೆ ಅಂತಹ ಸಿದ್ಧತೆ ಬೇಕಿಲ್ಲ.

ಪ್ರಬಂಧ, ಪತ್ರಲೇಖನ, ಗಾದೆಗಳ ವಿಸ್ತರಣೆಗಳು ಭಾಷಾಭ್ಯಾಸಕ್ಕೆ ಸೇರಿವೆ. 2023–24ರಿಂದ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ.

2025ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯು ಶೇ. 93.90 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲನೆಯದಾಯಿತು. ಆದರೆ ಇದನ್ನು ಕನ್ನಡ ಕಲಿಕೆಯ ಅಳತೆಯೆಂದು ತಿಳಿಯಲಾಗದು: ಕನ್ನಡದ ಬದಲು ಹಿಂದಿಯನ್ನೋ ಸಂಸ್ಕೃತವನ್ನೋ ಆಯ್ದುಕೊಂಡವರೂ ಇದರಲ್ಲಿ ಸೇರಿದ್ದಾರೆ.