ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಪರದೆ ನಿಧಾನವಾದರೆ ಗ್ರಾಫಿಕ್ಸ್ ಚಿಪ್ ಹೋಯಿತು ಎಂದರ್ಥವೇ?

ಹೇಳಿಕೆ: ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದರೆ ಗ್ರಾಫಿಕ್ಸ್ ಚಿಪ್ ಹಾಳಾಗುತ್ತದೆ. ಪರದೆ ತಡವರಿಸಿದರೆ ಬೋರ್ಡ್ ಬದಲಿಸಬೇಕು, ಇಲ್ಲವೇ ಹೊಸದು ಕೊಳ್ಳಬೇಕು.

ವಾಸ್ತವ: ತಪ್ಪು. ಲಿನಕ್ಸ್ ಹಾಕಿದ ಮಾತ್ರಕ್ಕೆ ಚಿಪ್ ಕೆಡುವುದಿಲ್ಲ. ಎಷ್ಟೋ ಸಲ ಚಿಪ್ ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೆ ಕೆಲಸವೇ ಹೋಗಿರುವುದಿಲ್ಲ. ದುಡ್ಡು ಕೊಡುವ ಮೊದಲು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು.

ಈ ಪ್ರಶ್ನೆ ಈಗ ಯಾಕೆ?

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಇಂಟೆಲ್ 8ನೇ ಪೀಳಿಗೆಗಿಂತ ಹಳೆಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹಾಗಾಗಿ ಉಬುಂಟು, ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಗಳು ಇಂಥ ಯಂತ್ರಗಳಿಗೆ ಒಳ್ಳೆಯ ದಾರಿ. ಯಾದಗಿರಿ, ಶಹಾಪುರ, ಸುರಪುರದ ಎಷ್ಟೋ ಮನೆಗಳಲ್ಲಿ ಸ್ಕಾಲರ್‌ಶಿಪ್ ಅರ್ಜಿಗೂ ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೂ ಇರುವುದು ಒಂದೇ ಲ್ಯಾಪ್‌ಟಾಪ್. ಬೋರ್ಡ್ ಹೋಗಿದೆ ಎಂದು ನಂಬಿ ಅದನ್ನು ಕಲಬುರಗಿಗೋ ರಾಯಚೂರಿಗೋ ಹೊತ್ತು ಹೋದರೆ ದುಡ್ಡೂ ಹೋಗುತ್ತದೆ, ಅರ್ಜಿಯ ದಿನವೂ ಮೀರಬಹುದು.

ಪರದೆಯ ಚಿತ್ರ ಬರೆಯುವುದು ಯಾರು?

ಕಿಟಕಿ ಸರಿಸುವುದು, ಪುಟ ಮೇಲೆ ಕೆಳಗೆ ಮಾಡುವುದು, ವಿಡಿಯೊ ತೋರಿಸುವುದು ಗ್ರಾಫಿಕ್ಸ್ ಚಿಪ್‌ನ ಕೆಲಸ. ಅದನ್ನು ನಡೆಸಲು ಡ್ರೈವರ್ ಎಂಬ ತಂತ್ರಾಂಶ ಬೇಕು. ಡ್ರೈವರ್ ಸಿಗದಿದ್ದರೆ ಲಿನಕ್ಸ್ ಕೈಕಟ್ಟಿ ಕೂರುವುದಿಲ್ಲ, ಚಿತ್ರ ಬರೆಯುವ ಕೆಲಸವನ್ನೂ ಮುಖ್ಯ ಪ್ರೊಸೆಸರ್‌ಗೇ ಹೊರಿಸುತ್ತದೆ. ಅಂಗಳದಲ್ಲಿ ಟ್ರ್ಯಾಕ್ಟರ್ ಇದ್ದೂ ಓಡಿಸುವವರಿಲ್ಲದೆ ಗುದ್ದಲಿ ಹಿಡಿದು ಹೊಲ ಅಗೆದ ಹಾಗೆ. ಕೆಲಸ ಸಾಗುತ್ತದೆ, ಆದರೆ ನಿಧಾನ. ಫ್ಯಾನ್ ಜೋರಾಗಿ ತಿರುಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

ಲಿನಕ್ಸ್‌ನಲ್ಲಿ ಈ ಕೆಲಸ ನೋಡಿಕೊಳ್ಳುವುದು ಮೆಸಾ ಎಂಬ ಮುಕ್ತ ತಂತ್ರಾಂಶ. ಬ್ರಯನ್ ಪಾಲ್ ಇದನ್ನು 1993ರಲ್ಲಿ ಆರಂಭಿಸಿದರು. ಚಿಪ್ ಬಳಸದೆ ಪ್ರೊಸೆಸರ್‌ನಿಂದಲೇ ಚಿತ್ರ ಬರೆಸುವ ಅದರ ಭಾಗದ ಹೆಸರು 'ಎಲ್‌ಎಲ್‌ವಿಎಂಪೈಪ್'. ಈ ಹೆಸರು ನೆನಪಿಡಿ.

ಮೊದಲ ಪರೀಕ್ಷೆ: ಒಂದು ಪದ ಹುಡುಕಿ

ಉಬುಂಟುವಿನಲ್ಲಿ ಸೆಟ್ಟಿಂಗ್ಸ್ ತೆರೆದು 'ಅಬೌಟ್' ವಿಭಾಗದಲ್ಲಿ 'ಗ್ರಾಫಿಕ್ಸ್' ಸಾಲು ನೋಡಿ. ಮಿಂಟ್‌ನಲ್ಲಿ 'ಸಿಸ್ಟಮ್ ರಿಪೋರ್ಟ್ಸ್' ತೆರೆದು 'ಸಿಸ್ಟಮ್ ಇನ್ಫರ್ಮೇಶನ್' ಭಾಗದಲ್ಲಿ 'ರೆಂಡರರ್' ಎಂಬುದನ್ನು ಹುಡುಕಿ. ಅಲ್ಲಿ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಚಿಪ್‌ನ ಹೆಸರಿದ್ದರೆ ಡ್ರೈವರ್ ಕೆಲಸ ಮಾಡುತ್ತಿದೆ. ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಚಿಪ್ ಸುಮ್ಮನೆ ಕೂತಿದೆ.

ಆ ಪದ ಕಂಡರೆ

ಸಾಮಾನ್ಯ ಕಾರಣಗಳು ಮೂರು.

1. ಸೇಫ್ ಗ್ರಾಫಿಕ್ಸ್: ಲಿನಕ್ಸ್ ಹಾಕುವಾಗ 'ಸೇಫ್ ಗ್ರಾಫಿಕ್ಸ್' ಅಥವಾ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿದರೆ 'ನೋಮೋಡ್‌ಸೆಟ್' ಎಂಬ ಸೂಚನೆ ಸೇರುತ್ತದೆ. ಅದು ಗ್ರಾಫಿಕ್ಸ್ ಡ್ರೈವರನ್ನು ತಡೆಯುತ್ತದೆ, ಕೆಲವೊಮ್ಮೆ ಇನ್‌ಸ್ಟಾಲ್ ಆದ ಮೇಲೂ ಉಳಿದುಬಿಡುತ್ತದೆ. ಪರೀಕ್ಷಿಸಲು, ಲ್ಯಾಪ್‌ಟಾಪ್ ಆನ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ 'ಇ' ಅಕ್ಷರದ ಕೀ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನಲ್ಲಿ ಆ ಪದ ಅಳಿಸಿ, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಪರದೆ ಸರಾಗವಾದರೆ ತಿಳಿದವರಿಂದ ಗ್ರಬ್ ಸೆಟ್ಟಿಂಗ್‌ನಲ್ಲೇ ಶಾಶ್ವತವಾಗಿ ತೆಗೆಸಿ.

2. ಎನ್‌ವಿಡಿಯಾ ಚಿಪ್: ಇಂಟೆಲ್, ಎಎಂಡಿ ಡ್ರೈವರ್‌ಗಳು ಲಿನಕ್ಸ್ ಜೊತೆಗೇ ಬರುತ್ತವೆ, ಬೇರೆ ಡೌನ್‌ಲೋಡ್ ಬೇಕಿಲ್ಲ. ಎನ್‌ವಿಡಿಯಾಗೆ ಮಾತ್ರ ಮಿಂಟ್‌ನ 'ಡ್ರೈವರ್ ಮ್ಯಾನೇಜರ್' ಅಥವಾ ಉಬುಂಟುವಿನ 'ಅಡಿಷನಲ್ ಡ್ರೈವರ್ಸ್'ನಲ್ಲಿ 'ರೆಕಮೆಂಡೆಡ್' ಎಂದಿರುವುದನ್ನು ಹಾಕಿ. 'ಸೆಕ್ಯೂರ್ ಬೂಟ್' ಆನ್ ಇದ್ದರೆ ಆಗ ಒಂದು ಪಾಸ್‌ವರ್ಡ್ ಇಡಲು ಕೇಳಬಹುದು. ಮರುಚಾಲನೆಯಲ್ಲಿ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್' ಆರಿಸಿ ಅದೇ ಪಾಸ್‌ವರ್ಡ್ ಕೊಡದಿದ್ದರೆ ಡ್ರೈವರ್ ಶುರುವಾಗುವುದಿಲ್ಲ.

3. ಹೊಸ ಯಂತ್ರ, ಹಳೇ ಲಿನಕ್ಸ್: ಲ್ಯಾಪ್‌ಟಾಪ್ ಬರುವ ಮುಂಚೆಯೇ ತಯಾರಾದ ಲಿನಕ್ಸ್‌ಗೆ ಆ ಚಿಪ್‌ನ ಪರಿಚಯವಿರುವುದಿಲ್ಲ. ಹೊಸ ಆವೃತ್ತಿ ಹಾಕುವುದೇ ಪರಿಹಾರ.

ಆ ಪದ ಕಾಣದಿದ್ದರೂ ನಿಧಾನವೇ?

ಬಿಸಿಲು ಮತ್ತು ದೂಳು: ನಮ್ಮ ಭಾಗದ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಮುಂಜಾನೆ ಸರಾಗ, ಮಧ್ಯಾಹ್ನ ಹತ್ತು ನಿಮಿಷದಲ್ಲೇ ತಡವರಿಕೆ ಎಂದಾದರೆ ಇದೇ ಕಾರಣವಿರಬಹುದು. ಹಾಸಿಗೆ, ದಿಂಬಿನ ಮೇಲೆ ಇಡಬೇಡಿ, ಗಾಳಿ ಹೋಗುವ ಕಿಂಡಿ ಮುಚ್ಚುತ್ತದೆ. ಫ್ಯಾನ್‌ನ ದೂಳು ತೆಗೆಸುವ ಖರ್ಚು ಬೋರ್ಡ್‌ನ ಖರ್ಚಿಗಿಂತ ಬಹಳ ಕಡಿಮೆ.

ಮೆಮೊರಿ ಕೊರತೆ: 4 ಜಿಬಿ ರ‍್ಯಾಮ್‌ನಲ್ಲಿ ಹತ್ತಾರು ಬ್ರೌಸರ್ ಟ್ಯಾಬ್ ತೆರೆದರೆ ಯಂತ್ರ ಹಾರ್ಡ್ ಡಿಸ್ಕನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ, ಪರದೆ ಸಿಕ್ಕಿಕೊಂಡಂತೆ ಕಾಣುತ್ತದೆ. ಇದಕ್ಕೂ ಗ್ರಾಫಿಕ್ಸ್‌ಗೂ ಸಂಬಂಧವಿಲ್ಲ. ಟ್ಯಾಬ್ ಮುಚ್ಚಿ. ಹೊಸದಾಗಿ ಹಾಕುವವರು ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿಕೊಳ್ಳಿ.

ಯೂಟ್ಯೂಬ್ ಮಾತ್ರ ನಿಧಾನ: ಯೂಟ್ಯೂಬ್ ಹೆಚ್ಚಾಗಿ ಬಳಸುವ ವಿಪಿ9 ವಿಡಿಯೊವನ್ನು ಪೂರ್ತಿಯಾಗಿ ಬಿಡಿಸಬಲ್ಲ ಚಿಪ್ ಇಂಟೆಲ್‌ನಲ್ಲಿ ಬಂದದ್ದು 7ನೇ ಪೀಳಿಗೆಯಿಂದ. ಅದಕ್ಕಿಂತ ಹಳೆಯ ಯಂತ್ರದಲ್ಲಿ ಆ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ವಿಡಿಯೊ ಗುಣಮಟ್ಟವನ್ನು 480ಕ್ಕೆ ಇಳಿಸಿ ನೋಡಿ.

ಚಿಪ್ ನಿಜವಾಗಿಯೂ ಕೆಟ್ಟಿದ್ದರೆ ಗೊತ್ತಾಗುವುದು ಹೇಗೆ?

ಆನ್ ಮಾಡಿದ ಕೂಡಲೇ, ಕಂಪನಿಯ ಲೋಗೊ ಬರುವ ಹೊತ್ತಿಗೇ, ಅಂದರೆ ಲಿನಕ್ಸ್ ಶುರುವಾಗುವ ಮೊದಲೇ ಗೆರೆ, ಚುಕ್ಕೆ, ಬಣ್ಣಗೆಟ್ಟ ಚೌಕಗಳು ಕಂಡರೆ ಅದು ಯಂತ್ರದ ದೋಷ. ಆಗಲೂ ಹೊರಗಿನ ಮಾನಿಟರ್ ಅಥವಾ ಟಿವಿ ಜೋಡಿಸಿ ನೋಡಿ. ಅಲ್ಲಿ ಚಿತ್ರ ಸರಿ ಇದ್ದರೆ ದೋಷ ಬಹುಶಃ ಪರದೆಯದೋ ಕೇಬಲ್‌ನದೋ ಹೊರತು ಚಿಪ್‌ನದಲ್ಲ.

ಇನ್ನೂ ಅನುಮಾನವಿದ್ದರೆ ಹೊಸ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿ, 'ಟ್ರೈ' ಆರಿಸಿ, ಇನ್‌ಸ್ಟಾಲ್ ಮಾಡಬೇಡಿ. ಪರದೆ ಸರಾಗವಾಗಿ ಓಡಿದರೆ ಚಿಪ್ ಚೆನ್ನಾಗಿದೆ, ತೊಂದರೆ ಇರುವುದು ತಂತ್ರಾಂಶದಲ್ಲಿ.

ಒಂದು ಎಚ್ಚರಿಕೆ

'ಈ ಕಮಾಂಡ್ ಹಾಕಿ, ಲ್ಯಾಪ್‌ಟಾಪ್ ರಾಕೆಟ್ ಆಗುತ್ತದೆ' ಎಂಬ ಫಾರ್ವರ್ಡ್ ನಂಬಿ ಟರ್ಮಿನಲ್‌ನಲ್ಲಿ ಏನನ್ನೂ ಅಂಟಿಸಬೇಡಿ. 'ಸುಡೊ' ಎಂದು ಶುರುವಾಗುವ ಕಮಾಂಡ್‌ಗೆ ಇಡೀ ಯಂತ್ರದ ಮೇಲೆ ಅಧಿಕಾರವಿರುತ್ತದೆ, ಒಂದೇ ಸಾಲಿನಲ್ಲಿ ಕಡತಗಳೆಲ್ಲ ಅಳಿಸಿಹೋಗಬಹುದು. ಯಾವುದೇ ಬದಲಾವಣೆಗೆ ಮೊದಲು ಅಂಕಪಟ್ಟಿ, ಜಾತಿ ಪ್ರಮಾಣಪತ್ರದಂಥ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಡಿ.

ಸಾರಾಂಶ: ಪರದೆ ನಿಧಾನವಾದರೆ ಮೊದಲು ಎಲ್‌ಎಲ್‌ವಿಎಂಪೈಪ್ ಪದ ಹುಡುಕಿ, ಆಮೇಲೆ ಬಿಸಿ ಮತ್ತು ಮೆಮೊರಿ ನೋಡಿ, ಕೊನೆಗೆ ಪೆನ್‌ಡ್ರೈವ್ ಪರೀಕ್ಷೆ ಮಾಡಿ. ಇಷ್ಟೂ ಮಾಡದೆ ಬೋರ್ಡ್‌ಗೆ ದುಡ್ಡು ಕೊಡಬೇಡಿ.