ನೀ ಎಲ್ಲಿರ್ತಿ ಅಂತ ಕೇಳಿದವರು ಯಾರು?

ಗೂಗಲ್ ಅಂದ ಕೂಡಲೇ ಫೋನ್ ತೆಗೀಬೇಡಿ. ನಾನು ಹೇಳ್ತಿರೋದು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ, ಕೃಷ್ಣೆಯ ದಡದ ಗೂಗಲ್ ಬಗ್ಗೆ. ಈ ಸೀಮೆಯಿಂದ ಜನ ಬೆಂಗಳೂರಿಗೆ ಗುಳೆ ಬರ್ತಾರೆ, ನಮ್ಮ ಅಪಾರ್ಟ್‌ಮೆಂಟುಗಳನ್ನು ಕಟ್ತಾರೆ. ಮನೆಯಲ್ಲಿ ಬುದ್ಧಿಮಾಂದ್ಯನಾದ ಮೂವತ್ತರ ಮಗನಿದ್ದರೆ? ಕರ್ಕೊಂಡು ಹೋಗೋದೋ, ಅಜ್ಜಿ ಹತ್ರ ಬಿಡೋದೋ ಅಂತ ಮನೆಯವರೇ ತೀರ್ಮಾನಿಸ್ತಾರೆ. ಅವನನ್ನು ಕೇಳೋದು ಅಪರೂಪ.

ಕಾನೂನೂ ಬಹಳ ಕಾಲ ಕೇಳಲಿಲ್ಲ. ಗೂಗಲ್ ನಿಜಾಮರ ರಾಜ್ಯದಲ್ಲಿದ್ದಾಗ, ಬ್ರಿಟಿಷ್ ಇಂಡಿಯಾದ 1912ರ ಲೂನಸಿ ಕಾಯ್ದೆ ಬುದ್ಧಿಮಾಂದ್ಯರನ್ನೂ 'ಹುಚ್ಚರ' ಪಟ್ಟಿಗೇ ಸೇರಿಸಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ಹೊರಗಿಟ್ಟಿತು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಅವರಿಗೆ ಗಾರ್ಡಿಯನ್ ನೇಮಿಸಲಿ ಅಂದಿತು. 'ನಾವು ಹೋದಮೇಲೆ ಇವನ ಗತಿ ಏನು' ಅನ್ನೋ ಹೆತ್ತವರ ಸಂಕಟಕ್ಕೆ ಅದು ಉತ್ತರ. ಮಗನ ಇಷ್ಟಕ್ಕಲ್ಲ.

2007ರಲ್ಲಿ ಭಾರತ ಒಪ್ಪಿದ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ, ಎಲ್ಲಿ, ಯಾರ ಜೊತೆ ಇರಬೇಕೆಂಬ ಆಯ್ಕೆ ಅಂಗವಿಕಲರದ್ದೇ ಅನ್ನುತ್ತೆ. ನಮ್ಮ 2016ರ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದಲ್ಲಿ ಬದುಕುವ ಹಕ್ಕು ಕೊಟ್ಟಿತು. ಆದರೆ ಇಂಥಲ್ಲೇ ಇರಬೇಕೆಂಬ ಬಲವಂತ ಆಗದಂತೆ ಸರ್ಕಾರ 'ಪ್ರಯತ್ನಿಸಬೇಕು', ಅಷ್ಟೇ. 14ನೇ ಸೆಕ್ಷನ್ನಿನ ಸೀಮಿತ ಗಾರ್ಡಿಯನ್, ಅವನ ಜೊತೆ ಕೂತು ಇಬ್ಬರೂ ಸೇರಿ ತೀರ್ಮಾನಿಸಬೇಕು. 1999ರ ಕಾಯ್ದೆಯೂ ಪಕ್ಕದಲ್ಲೇ ಜಾರಿಯಲ್ಲಿದೆ.

ಆಯ್ಕೆ ಅನ್ನೋಕೆ ಕನಿಷ್ಠ ಎರಡು ಜಾಗ ಬೇಕು. ಗುಳೆ ಹೋಗೋ ಮನೆಯವರು ಎರಡನೇದನ್ನು ಎಲ್ಲಿಂದ ತರಬೇಕು? ಬಸ್ ಹತ್ತೋ ಮುಂಚೆ 'ನೀ ಎಲ್ಲಿರ್ತಿಯಪ್ಪಾ' ಅಂತ ಕೇಳೋಕೆ ಯಾವ ಕಾಯ್ದೆಯೂ ಬೇಡ. ಅವನ ಉತ್ತರ ನಡೆಸಿಕೊಡೋಕೆ ಸರ್ಕಾರ ಬೇಕು. ಆ 'ಪ್ರಯತ್ನ'ದ ಲೆಕ್ಕವನ್ನು ಕೇಳಬೇಕಾದವರು ನಾವು.